ಹುಲೇಕಲ್ ಬೆಟ್ಟದ ಮುರುಗಲು ತುಪ್ಪ

ಶಿರಸಿ ಪೇಟೆಯಿಂದ ಹುಲೇಕಲ್‌ಗೆ ದೂರವೇನೂ ಇಲ್ಲ, ಹತ್ತು-ಹನ್ನೆರಡು ಕಿಲೋಮೀಟರ್. ಆದರೆ ದಾರಿಯ ತಿರುವುಗಳು ಪ್ರಯಾಣಿಕನನ್ನು ಅವಸರ ಮಾಡಲು ಬಿಡುವುದಿಲ್ಲ. ಕಣಿವೆಯಲ್ಲಿ ಅಡಿಕೆ ತೋಟ, ಅದರ ನೆತ್ತಿಯ ಮೇಲೆ ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಲ್ಲಿಯೇ ಘಟ್ಟದ ಮೇಲಿನ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ದೊರೆತಿತ್ತು. ಗೊಬ್ಬರಕ್ಕೆ ಸೊಪ್ಪು, ದರಕು ಕೊಡುವ ಈ ಬೆಟ್ಟವೇ ಅಡುಗೆಮನೆಗೆ ಹುಳಿಯನ್ನೂ ಮೈಗೆ ಮುಲಾಮನ್ನೂ ಕೊಡುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ, ಪರೀಕ್ಷೆ ಮುಗಿಸಿದ ಮಕ್ಕಳು ಬೆಟ್ಟ ಸುತ್ತುವ ಹೊತ್ತಿಗೆ, ಮುರುಗಲು ಹಣ್ಣಾಗಿರುತ್ತದೆ. ಕೆಂಪು ಸಿಪ್ಪೆ ಪಾನಕಕ್ಕೆ, ಸಾರಿಗೆ. ಬೀಜವನ್ನೂ ಇಲ್ಲಿನ ಹೆಂಗಸರು ಎಸೆಯುವುದಿಲ್ಲ. ಒಣಗಿಸಿ, ಒಡೆದು, ಒಳಗಿನ ಬೇಳೆಯನ್ನು ಅರೆದು ನೀರಿನಲ್ಲಿ ಕುದಿಸುತ್ತಾರೆ. ಆರಿದ ಮೇಲೆ ಮೇಲ್ಗಡೆ ಕಟ್ಟಿದ ಕೆನೆಬಣ್ಣದ ಜಿಡ್ಡನ್ನು ತೆಗೆದು ಉಂಡೆ ಕಟ್ಟಿದರೆ ಅದೇ ಮುರುಗಲು ತುಪ್ಪ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುವ ಪದಾರ್ಥವಾದ್ದರಿಂದ ಮಳೆಗಾಲದಲ್ಲಿ ಕಲ್ಲಿನಷ್ಟು ಗಟ್ಟಿ. ಬಿಸಿಬಟ್ಟಲಲ್ಲಿಟ್ಟು ಕರಗಿಸಿ ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ ಹಚ್ಚುವುದು ಹಳೆಯ ರೂಢಿ. ಮಗುವಿನ ಮೊಣಕೈ ಮಡಿಕೆಯಲ್ಲಿ ಇಸುಬು ಎದ್ದಾಗಲೂ ಮನೆಯವರ ಕೈ ಈ ಉಂಡೆಯತ್ತಲೇ ಹೋಗುತ್ತದೆ.

ಇಸುಬು ಹತ್ತಿರದಿಂದ ನೋಡಿದವರಿಗೆ ಗೊತ್ತು. ಎಳೆಗೂಸಿನ ಕೆನ್ನೆಯಲ್ಲಿ ಶುರುವಾಗಿ ಮುಂದೆ ಮೊಣಕೈ, ಮೊಣಕಾಲಿನ ಹಿಂದಿನ ಮಡಿಕೆ ಹಿಡಿಯುತ್ತದೆ. "ಕೆರ್ಕಳಡ ತಮಾ" ಎಂದು ಆಯಿ ಎಷ್ಟು ಸಲ ಹೇಳಿದರೂ ನಿದ್ದೆಯಲ್ಲಿ ಉಗುರು ನಿಲ್ಲುವುದಿಲ್ಲ. ಬೆಳಿಗ್ಗೆ ಬೆಂಚಿನ ಮೇಲೆ ತೂಕಡಿಸುವ ಹುಡುಗ ಮಾಸ್ತರರ ಕಣ್ಣಿಗೆ ಸೋಮಾರಿ. ಪಕ್ಕದಲ್ಲಿ ಕೂತವರು ಸರಿದು ಕೂರುತ್ತಾರೆ. ವಿದ್ಯಾರ್ಥಿಗಳೇ, ಇದು ಅಂಟುರೋಗವಲ್ಲ. ಧಾರಾಳವಾಗಿ ಒಟ್ಟಿಗೆ ಕೂತು ಉಣ್ಣಬಹುದು.

ಕಲ್ಲುಗೋಡೆಯ ಸಂದಿಯ ಮಣ್ಣು ಉದುರಿದರೆ ಹೇಗೋ ಹಾಗೆ ಈ ಚರ್ಮ. ಒಳಗಿನ ತೇವ ಹೊರಗೆ, ಹೊರಗಿನ ಧೂಳು ಒಳಗೆ. ಚರ್ಮದ ಹೊರಪದರ ಕಟ್ಟುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯ ದೋಷಕ್ಕೂ ಇಸುಬಿಗೂ ನಂಟಿದೆಯೆಂದು ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಆ ಸಂದಿ ಮುಚ್ಚುವ ಜಿಡ್ಡು ಉಪಕಾರಿ ಎಂಬ ಅಜ್ಜಿಯರ ಅಂದಾಜು ಸುಳ್ಳಲ್ಲ. ಫಿಲಿಪ್ಪೀನ್ಸ್‌ನಲ್ಲಿ 117 ಮಕ್ಕಳ ಮೇಲೆ ಎಂಟು ವಾರ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸೌಮ್ಯ ಹಾಗೂ ಮಧ್ಯಮ ಇಸುಬಿಗೆ ಖನಿಜ ತೈಲಕ್ಕಿಂತ ತಾಜಾ ಕೊಬ್ಬರಿ ಎಣ್ಣೆ ಹೆಚ್ಚು ಗುಣ ಕೊಟ್ಟಿತು. ಅದು ಕೊಬ್ಬರಿ ಎಣ್ಣೆಯ ಮಾತು, ಮುರುಗಲು ತುಪ್ಪದ್ದಲ್ಲ. ಒಂದರ ಕೀರ್ತಿಯನ್ನು ಇನ್ನೊಂದಕ್ಕೆ ಹೊರಿಸುವುದು ಬೇಡ. ಯಾವುದನ್ನೇ ಆಗಲಿ, ಮೊದಲು ಚಿಕ್ಕ ಜಾಗಕ್ಕೆ ಹಚ್ಚಿ ಒಂದೆರಡು ದಿನ ನೋಡಿ.

ಇನ್ನು ಬಚ್ಚಲು. ಮಲೆನಾಡಿನವರಿಗೆ ಹಂಡೆಯ ಸುಡುನೀರು ಎಂದರೆ ಪ್ರಾಣ. ಮೈ ಕೆಂಪೇರದಿದ್ದರೆ ಸ್ನಾನವೇ ಆಗಲಿಲ್ಲ! ಇಸುಬಿನ ಮಗುವಿಗೆ ಇದೇ ದೊಡ್ಡ ವೈರಿ. ಉಗುರುಬೆಚ್ಚಗಿನ ನೀರು, ಐದು-ಹತ್ತು ನಿಮಿಷ, ಸೋಪು ಅಗತ್ಯವಿದ್ದಲ್ಲಿ ಮಾತ್ರ. ಸೀಗೆಪುಡಿ ಹಾಕಿ ತಿಕ್ಕುವುದು ಬೇಡವೇ ಬೇಡ. ಟವೆಲಿನಿಂದ ಒತ್ತಿ, ಮೈ ಇನ್ನೂ ಪಸೆಯಾಗಿರುವಾಗಲೇ ಜಿಡ್ಡು ಹಚ್ಚಬೇಕು. ಮಳೆಗಾಲದ ಕಂಬಳಿಯೂ ಬರಿಮೈಗೆ ತಾಗಬಾರದು, ನಡುವೆ ಹಳೆಯ ಹತ್ತಿ ಸೀರೆಯ ಮಡಿಕೆ ಇರಲಿ. ಉಗುರು ಚಿಕ್ಕದಾಗಿ ಕತ್ತರಿಸಿರಲಿ.

'ನಂಜು' ಎಂದು ಬದನೆ, ಮೊಟ್ಟೆ, ಹಾಲು ಎಲ್ಲ ಬಿಡಿಸಿ ಬೆಳೆಯುವ ಮಗುವನ್ನು ಬಡಕಲು ಮಾಡುವ ಮನೆಗಳೂ ಇವೆ. ವೈದ್ಯರು ಪರೀಕ್ಷಿಸಿ ಹೇಳದೆ ಯಾವುದನ್ನೂ ಬಿಡಿಸಬೇಡಿ. ಬೇವು, ಅರಿಸಿನ ಒಳ್ಳೆಯವೇ. ಆದರೆ ಬಿರಿದು ರಸ ಒಸರುವ ಗಾಯಕ್ಕೆ ಅರೆದು ಮೆತ್ತಿದರೆ ಉರಿ ಏರುತ್ತದೆ.

ಹಳದಿ ಹೆಕ್ಕಳೆ, ಕೀವು, ಜ್ವರ, ಗುಂಪಾಗಿ ಏಳುವ ನೋವಿನ ಗುಳ್ಳೆ ಕಂಡರೆ ಉಂಡೆಯನ್ನು ಡಬ್ಬಿಗೆ ಸೇರಿಸಿ, ಅದೇ ದಿನ ಶಿರಸಿಗೆ ಹೊರಡಿ. ಅಂಚು ಉಬ್ಬಿದ ಉಂಗುರದಂತಿದ್ದರೆ ಅದು ಹುಳುಕಡ್ಡಿ ಇರಬಹುದು, ಅದಕ್ಕೆ ಮದ್ದು ಬೇರೆ. ವೈದ್ಯರು ಸ್ಟಿರಾಯ್ಡ್ ಮುಲಾಮು ಬರೆದರೆ ಹೆದರಬೇಕಿಲ್ಲ. ಅವರು ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚಿದರೆ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ತಾನೇ ಕೇಳಿ ತಂದು ತಿಂಗಳುಗಟ್ಟಲೆ ಬಳಿಯುವುದು ಅಪಾಯ. ಹೀಗೆ ಚೀಟಿಯಿಲ್ಲದೆ ಮಾರುವುದಕ್ಕೆ ಕಡಿವಾಣ ಹಾಕಲೆಂದೇ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು.

ಮೇ ತಿಂಗಳಲ್ಲಿ ಆ ಕಡೆ ಹೋದರೆ ಅಂಗಳದ ತಟ್ಟಿಗಳ ಮೇಲೆ ಮುರುಗಲು ಸಿಪ್ಪೆ ಒಣಗುತ್ತಿರುವುದು ಕಾಣುತ್ತದೆ. ಪಕ್ಕದಲ್ಲೇ ಬೀಜದ ರಾಶಿ. ಮಳೆ ಹಿಡಿಯುವುದರೊಳಗೆ ಅದು ಒಣಗಬೇಕು, ತೇವ ಉಳಿದರೆ ಬೂಷ್ಟು ಹಿಡಿದು ಆ ವರ್ಷದ ತುಪ್ಪ ಹೋದಂತೆಯೇ.