ಹಾಳೆಯ ರಕ್ಕಸ

ನಿಮ್ಮ ಬಾಲ್ಯದಲ್ಲಿ ನೀವು ಎಂದಾದರೂ ಒಬ್ಬ ರಾಕ್ಷಸನನ್ನು ಮಾಡಿದ್ದಿರಾ? ಅಜ್ಜಿಯ ಕಥೆಯಲ್ಲಿ ಕೇಳಿದ ರಾಕ್ಷಸನ ಮಾತಲ್ಲ ಇದು. ಕೈಯಾರೆ ಕತ್ತರಿಸಿ, ಹೊಲಿದು, ಬಣ್ಣ ಬಳಿದು, ಜಗಲಿಯ ಮೇಲೆ ಒಣಗಲಿಟ್ಟು, ಒಣಗಿತೇ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡಿದ ರಾಕ್ಷಸನ ಮಾತು. ನಾನು ಮಾಡಿದ್ದೇನೆ. ಅವನಿಂದ ಒಂದು ಅನಾಹುತವೂ ಆಯಿತು. ಐವತ್ತು ವರ್ಷ ಕಳೆದ ಮೇಲೆ ಅದರ ನಿಜವಾದ ಕಾರಣ ತಿಳಿದದ್ದರಿಂದ ಈಗ ಬರೆಯುತ್ತಿದ್ದೇನೆ.

ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ, ತುಂಗಾನದಿಯ ದಡದಲ್ಲಿರುವ ಹರಿಹರಪುರ ನನ್ನೂರು. 1970ರ ದಶಕದ ಆರಂಭದಲ್ಲಿ ಅಲ್ಲಿ ಆಟಿಕೆ ಮಾರುವ ಅಂಗಡಿ ಎಂಬುದಿರಲಿಲ್ಲ. ಜಾತ್ರೆಯಲ್ಲಿ ಸಿಕ್ಕ ಪೀಪಿಯೂ ಬಲೂನೂ ಮನೆ ಮುಟ್ಟುವಷ್ಟರಲ್ಲಿ ಮುಗಿದುಹೋಗುತ್ತಿದ್ದವು. ಆದರೆ ತೋಟದಲ್ಲಿ ಅಡಿಕೆ ಹಾಳೆಗೆ ಬರವಿರಲಿಲ್ಲ. ಬೇಸಿಗೆಯಲ್ಲಿ ಸೋಗೆಯ ಸಮೇತ ಧೊಪ್ಪನೆ ಬೀಳುತ್ತಿದ್ದ ಆ ಹಾಳೆಯೇ ನಮ್ಮ ಗಾಡಿ, ನಮ್ಮ ಟೊಪ್ಪಿ, ನಮ್ಮ ಬೀಸಣಿಗೆ. ಒಬ್ಬ ಅದರ ಮೇಲೆ ಕೂರುವುದು, ಇನ್ನೊಬ್ಬ ಸೋಗೆ ಹಿಡಿದು ಎಳೆಯುವುದು. ಚಡ್ಡಿಯ ಹಿಂಭಾಗ ಹರಿಯುವುದು, ತಾಯಿಯಿಂದ ಪೆಟ್ಟು ತಿನ್ನುವುದು. ಮಲೆನಾಡಿನಲ್ಲಿ ಬೆಳೆದ ನಿಮ್ಮಲ್ಲಿ ಅನೇಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಳೆಯಿಂದ ಮುಖ ಮಾಡುವುದನ್ನು ಕಲಿಸಿದವರು ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಮುದುಕರು. ನಾವು ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆವು. ಪ್ರಾಯದಲ್ಲಿ ಅವರು ಯಕ್ಷಗಾನ ಮೇಳವೊಂದರಲ್ಲಿ ವೇಷದ ಪೆಟ್ಟಿಗೆ ಹೊರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಘಟ್ಟದ ಕೆಳಗಿನ ಮೇಳಗಳು ನಮ್ಮ ಕಡೆಗೆ ಬಂದಾಗ ಊರಿಗೆ ಊರೇ ಚಾಪೆ ಹಿಡಿದು ಹೊರಡುತ್ತಿತ್ತು. ನಡುರಾತ್ರಿಯಲ್ಲಿ ಚೆಂಡೆಯ ಪೆಟ್ಟು ಏರಿ, ರಾಳದ ಪುಡಿಗೆ ಬೆಂಕಿ ಭುಗಿಲೆದ್ದು, ಬಣ್ಣದ ವೇಷ ಆರ್ಭಟಿಸುತ್ತಾ ಬಂದಾಗ ನಾನು ಅಮ್ಮನ ಸೆರಗಿನೊಳಗೆ ಹೊಕ್ಕು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಇದನ್ನು ಕಂಡ ಅಜ್ಜ ಒಂದು ವರ್ಷ ನನ್ನ ಕೈ ಹಿಡಿದು ಚೌಕಿಗೆ ಕರೆದೊಯ್ದರು. ಅಲ್ಲಿ ಚಿಮಣಿಯ ಬೆಳಕಿನಲ್ಲಿ, ಕೈಗನ್ನಡಿ ಹಿಡಿದು ಒಬ್ಬರು ಕುಳಿತಿದ್ದರು. ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ, ಆ ಹಿಟ್ಟನ್ನು ಕಡ್ಡಿಯ ತುದಿಯಿಂದ ಕೆನ್ನೆಯ ಮೇಲೆ ಮುಳ್ಳು ಮುಳ್ಳಾಗಿ ಏರಿಸುತ್ತಿದ್ದರು. ಅದಕ್ಕೆ ಚಿಟ್ಟಿ ಇಡುವುದು ಎನ್ನುತ್ತಾರೆ, ಗಂಟೆಗಟ್ಟಲೆಯ ಕೆಲಸ. ಮುಖದ ಒಂದು ಭಾಗ ರಾಕ್ಷಸನದಾಗಿತ್ತು, ಉಳಿದದ್ದು ಇನ್ನೂ ಮನುಷ್ಯನದೇ. ಆ ಮನುಷ್ಯನ ಭಾಗ ನನ್ನ ಕಡೆ ತಿರುಗಿ, “ಎಷ್ಟನೇ ಕ್ಲಾಸು ಮಗು?” ಎಂದು ಕೇಳಿತು. ಐದು ಎಂದೆ. “ಲೆಕ್ಕ ಬರುತ್ತದೆಯೋ?” ಎಂದಿತು. ಆ ರಾತ್ರಿ ನಾನು ಸೆರಗಿನಡಿ ಹೋಗಲಿಲ್ಲ.

ಮರುದಿನವೇ ಅಜ್ಜನ ಬೆನ್ನು ಹತ್ತಿದೆ. ಅಗಲವಾದ ಹಾಳೆಯೊಂದನ್ನು ಆರಿಸಿ ತೋಟದ ಬಸಿಗಾಲುವೆಯಲ್ಲಿ ರಾತ್ರಿಯಿಡೀ ನೆನೆಹಾಕಿದೆವು. ಬೆಳಿಗ್ಗೆ ಅದು ಚರ್ಮದಂತೆ ಮೆತ್ತಗಾಗಿತ್ತು. ಒಳಮೈಯ ತೆಳುವಾದ ಬಿಳಿ ಪೊರೆಯನ್ನು ಸುಲಿದು ತೆಗೆದರು. ಅಂಚಿನಲ್ಲಿ ಅಲ್ಲಲ್ಲಿ ಸೀಳು ಕೊಟ್ಟು, ಸೀಳಿನ ಎರಡು ಬದಿಗಳನ್ನು ಒಂದರ ಮೇಲೊಂದು ತಂದು ಬಾಳೆನಾರಿನಲ್ಲಿ ಹೊಲಿದಾಗ ಚಪ್ಪಟೆಯಾಗಿದ್ದ ಹಾಳೆ ಉಬ್ಬಿ ಹಣೆಯಾಯಿತು, ಗಲ್ಲವಾಯಿತು. ಹುಬ್ಬು, ಮೀಸೆಗಳಿಗೆ ತೆಂಗಿನ ನಾರು. ಹಲ್ಲಿಗೆ ಕುಂಬಳದ ಬೀಜ, ಅದನ್ನು ಅಂಟಿಸಲು ಹಲಸಿನ ಮೇಣ. (ಕೈಗೆ ಎಣ್ಣೆ ಹಚ್ಚದೆ ಆ ಮೇಣವನ್ನು ಮುಟ್ಟಿದವನ ಪಾಡು ಹೇಳತೀರದು, ನಾನು ಮುಟ್ಟಿದ್ದೆ.) ಅರಿಶಿನಕ್ಕೆ ಸುಣ್ಣ ಕಲಸಿದರೆ ಕೆಂಪು, ದೀಪದ ಮಸಿಗೆ ಎಣ್ಣೆ ಕಲಸಿದರೆ ಕಪ್ಪು. ಹಾಳೆ ಒಣಗುವಾಗ ಸುರುಳಿ ಸುತ್ತಿಕೊಳ್ಳುತ್ತದೆಯಾದ್ದರಿಂದ ಅಂಚಿಗೆ ಕಲ್ಲು ಹೇರಬೇಕು. ಕಣ್ಣು ಕೊರೆಯುವುದು ಎಲ್ಲಕ್ಕಿಂತ ಕೊನೆಗೆ. ಏಕೆಂದು ಕೇಳಿದ್ದಕ್ಕೆ ಅಜ್ಜ, “ಮೊದಲೇ ಕಣ್ಣು ಕೊಟ್ಟರೆ ಅದು ನಿನ್ನನ್ನೇ ನೋಡುತ್ತಾ ಕೂರುತ್ತದೆ ಮಾರಾಯ, ಕೆಲಸ ಮಾಡಲು ಬಿಡುವುದಿಲ್ಲ” ಎಂದರು.

ದಕ್ಷನ ಯಜ್ಞ ನಡೆದದ್ದು ನಮ್ಮೂರಿನಲ್ಲೇ ಎಂಬುದು ಸ್ಥಳಪುರಾಣ. ದಕ್ಷಹರ ಸೋಮೇಶ್ವರ ಎಂಬ ಹೆಸರಿನ ಗುಡಿಯೂ ಅಲ್ಲಿದೆ. ಶಿವನು ಕೋಪದಿಂದ ಜಟೆಯ ಕೂದಲನ್ನು ಕಿತ್ತು ನೆಲಕ್ಕಪ್ಪಳಿಸಿದಾಗ ವೀರಭದ್ರ ಎದ್ದು ನಿಂತನೆಂದು ಹೊಲಿಯುತ್ತಾ ಹೊಲಿಯುತ್ತಾ ಅಜ್ಜ ಹೇಳುತ್ತಿದ್ದರು. ಒಂದು ಕೂದಲಿನಿಂದ ಅಂಥವನು ಹುಟ್ಟಬಹುದಾದರೆ ಇಷ್ಟಗಲದ ಹಾಳೆಯಿಂದ ಎಂಥವನು ಹುಟ್ಟಬಹುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಹುಟ್ಟಿದವನನ್ನು ಯಾರಿಗಾದರೂ ತೋರಿಸಬೇಕಲ್ಲ! ನನಗಾಗ ಹನ್ನೊಂದು ವರ್ಷ, ತಮ್ಮನಿಗೆ ಆರು. ಕತ್ತಲಾದ ಮೇಲೆ ಮುಖ ಕಟ್ಟಿಕೊಂಡು ಕೊಟ್ಟಿಗೆಯ ಬಾಗಿಲ ಮರೆಯಲ್ಲಿ ನಿಂತೆ. ಅವನು ಕೈ ತೊಳೆಯಲು ಬಚ್ಚಲಿಗೆ ಬಂದಾಗ ಆರ್ಭಟಿಸಿ ಹೊರಗೆ ಹಾರಿದೆ. ಅವನು “ಅಣ್ಣಾ” ಎಂದು ಕೂಗಿದ. ನಾನು ಇನ್ನೊಮ್ಮೆ ಆರ್ಭಟಿಸಿದೆ. ಮತ್ತೆ “ಅಣ್ಣಾ” ಎಂದ. ನಾನು ಮತ್ತೂ ಹತ್ತಿರ ಹೋದೆ. ಅವನು ಹಿಂದಕ್ಕೆ ಸರಿದು ಕಲ್ಲುಚಪ್ಪಡಿಯ ಮೇಲೆ ಬಿದ್ದ. ಹಣೆ ಒಡೆಯಿತು. ಮೂರು ದಿನ ಜ್ವರ. ಅಪ್ಪ ಒಂದು ಮಾತನ್ನೂ ಆಡದೆ ನನ್ನ ರಾಕ್ಷಸನನ್ನು ಬಚ್ಚಲ ಒಲೆಗೆ ಹಾಕಿದರು. ಒಣಗಿದ ಹಾಳೆ ಎಷ್ಟು ಬೇಗ ಉರಿಯುತ್ತದೆಂದು ಅಂದು ಕಂಡೆ.

ನಾಲ್ಕನೆಯ ದಿನ ಅಜ್ಜ ನೆನೆದ ಹಾಳೆಯೊಂದನ್ನು ಹಿಡಿದು ಬಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಮ್ಮನನ್ನು ಜಗಲಿಯಲ್ಲಿ ಕೂರಿಸಿಕೊಂಡು ಅವನಿಂದಲೇ ಹೊಲಿಸಿದರು, ಬಳಿಸಿದರು. ಕೊನೆಗೆ ಅವನ ಕೈಯ ಮೇಲೆ ತಮ್ಮ ಕೈಯಿಟ್ಟು ಕಣ್ಣು ಕೊರೆಸಿದರು. ತಮ್ಮ ಕೊರೆಯುತ್ತಲೇ ಹೋದ. ಒಂದೊಂದು ಕಣ್ಣೂ ದೋಸೆಯಷ್ಟಾಯಿತು. ಕಟ್ಟಿಕೊಂಡಾಗ ಹುಬ್ಬಿನಿಂದ ಕೆನ್ನೆಯವರೆಗೆ ಅವನ ಮುಖವೇ ಕಾಣುತ್ತಿತ್ತು. ನಾವೆಲ್ಲ ನಕ್ಕೆವು. ಅಜ್ಜ ಮಾತ್ರ ನಗಲಿಲ್ಲ.

ಆ ತಮ್ಮ ಈಗ ಅಮೆರಿಕದಲ್ಲಿ ನೆಲೆಸಿದ್ದಾನೆ. ಕೆಲವು ವರ್ಷಗಳ ಹಿಂದೆ, ನೆರೆಯವರು ಮನೆಯಂಗಳದಲ್ಲಿ ಹಳೆಯ ಸಾಮಾನು ಮಾರುತ್ತಿದ್ದಾಗ, ಮಾಸಿದ ಪೆಟ್ಟಿಗೆಯೊಂದನ್ನು ಕೊಂಡು ಅದರ ಚಿತ್ರ ಕಳಿಸಿದ. ಮ್ಯಾಟೆಲ್ ಎಂಬ ಆಟಿಕೆ ಕಂಪನಿಯು 1960ರ ದಶಕದಲ್ಲಿ ಮಾರಿದ ‘ಥಿಂಗ್‌ಮೇಕರ್’ ಅದು. ಲೋಹದ ಅಚ್ಚುಗಳಿಗೆ ಬಣ್ಣದ ದ್ರವವನ್ನು ಹೊಯ್ದು, ವಿದ್ಯುತ್ ಒಲೆಯ ಮೇಲೆ ಕಾಯಿಸಿ, ನೀರಿನಲ್ಲಿ ತಣಿಸಿದರೆ ರಬ್ಬರಿನಂಥ ಚೇಳು, ಜೇಡ, ಹಾವುಗಳು ಎದ್ದು ಬರುತ್ತಿದ್ದವಂತೆ. 1964ರಲ್ಲಿ ಬಂದ ಆ ಕೀಟಗಳ ಪೆಟ್ಟಿಗೆಯ ಬೆನ್ನಿಗೇ ವಿಕಾರ ಮುಖಗಳದೂ ಕೋರೆಹಲ್ಲುಗಳದೂ ಬಂದವು. ಮುಚ್ಚಳವಿಲ್ಲದ ಆ ಒಲೆಗೆ ಬೆರಳು ಸುಟ್ಟುಕೊಳ್ಳದ ಮಗುವಿರಲಿಲ್ಲವೆಂದು ತಮ್ಮನ ವಯಸ್ಸಿನ ಅಲ್ಲಿನವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರಂತೆ. 1990ರ ದಶಕದಲ್ಲಿ ಬೇರೊಂದು ಕಂಪನಿ ಬಲ್ಬಿನ ಶಾಖದಲ್ಲಿ ಬೇಯುವ, ಮುಚ್ಚಿದ ಒಲೆಯನ್ನು ಮಾಡಿತು. ನಾವು ಹಲಸಿನ ಮೇಣದಲ್ಲಿ ಕೈ ಅಂಟಿಸಿಕೊಂಡು ಕುಳಿತಿದ್ದ ಕಾಲಕ್ಕೆ ಸಾಗರದಾಚೆಯ ಮಕ್ಕಳೂ ತಮ್ಮ ರಾಕ್ಷಸರನ್ನು ತಾವೇ ಬೇಯಿಸಿಕೊಳ್ಳುತ್ತಿದ್ದರೆಂದು ತಿಳಿದು ನನಗೆ ಬಹಳ ಸಂತೋಷವಾಯಿತು.

ಅಂದು ಫೋನಿನಲ್ಲಿ ಮಾತು ಹಾಳೆಯ ಮುಖದತ್ತ ಹೊರಳಿತು. “ಆ ಮುಖ ಕಂಡು ನೀನು ಎಷ್ಟು ಹೆದರಿದ್ದೆಯೋ ಪಾಪ” ಎಂದೆ. ಸ್ವಲ್ಪ ಹೊತ್ತು ಅವನು ಸುಮ್ಮನಿದ್ದ.

“ಮುಖಕ್ಕೆ ಹೆದರಲಿಲ್ಲ ಅಣ್ಣ. ನೀನು ಮಾಡುವಾಗಲೇ ಕಿಟಕಿಯಿಂದ ನೋಡಿದ್ದೆ. ಒಳಗಿರುವುದು ನೀನೇ ಎಂದು ಗೊತ್ತಿತ್ತು. ಅದಕ್ಕೇ ಕರೆದೆ. ಎರಡು ಸಲ ಕರೆದರೂ ನೀನು ಓಗೊಡಲಿಲ್ಲವಲ್ಲ.”

ಓದುಗರೇ, ಅರುವತ್ತು ದಾಟಿದ ನಾನು ಆ ಫೋನನ್ನು ಕೆಳಗಿಟ್ಟು ಬಹಳ ಹೊತ್ತು ಜಗಲಿಯಲ್ಲೇ ಕುಳಿತಿದ್ದೆ. ಅಜ್ಜ ತೀರಿಕೊಂಡು ದಶಕಗಳೇ ಆಗಿವೆ. ಅಂದು ಅವರು ಏಕೆ ನಗಲಿಲ್ಲವೆಂದು ಕೇಳಲು ಈಗ ಯಾರೂ ಇಲ್ಲ.

ಈಗ ನಮ್ಮ ಕಡೆ ಹಾಳೆ ಮೊದಲಿನಂತೆ ದಾರಿಯಲ್ಲಿ ಬಿದ್ದಿರುವುದಿಲ್ಲ. ಹಳದಿ ಎಲೆ ರೋಗವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳನ್ನು ಸವೆಸಿತು. ಈಚೆಗೆ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ಬಿದ್ದ ಹಾಳೆಯನ್ನು ಊಟದ ತಟ್ಟೆ ಒತ್ತುವವರು ಕೊಂಡೊಯ್ಯುತ್ತಾರೆ. ಆ ತಟ್ಟೆಗಳು ವಿದೇಶಕ್ಕೂ ಹೋಗುತ್ತಿದ್ದವು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅವು ಊಟಕ್ಕೆ ಸುರಕ್ಷಿತವೆಂದು ಒಪ್ಪಲಾಗದೆಂದು ಹೇಳಿ ಆಮದಿಗೆ ತಡೆಯೊಡ್ಡಿತು. “ರಾಕ್ಷಸನನ್ನು ಮಾಡಲು ತಡೆಯಿಲ್ಲ ತಾನೇ?” ಎಂದು ತಮ್ಮ ನಕ್ಕ.

ಆ ವರ್ಷದ ಕೊನೆಗೆ ಅವನು ಊರಿಗೆ ಬಂದಾಗ, ಉಳಿದ ಮರಗಳ ಬುಡದಲ್ಲಿ ಹುಡುಕಿ ಅಗಲವಾದ ಹಾಳೆಯೊಂದನ್ನು ತಂದೆವು. ಏಳು ವರ್ಷದ ನನ್ನ ಮೊಮ್ಮಗಳು ಪೊರೆ ಸುಲಿದಳು. ಹೊಲಿಗೆ ನನ್ನದು, ಕೈ ನಡುಗಿ ಗಲ್ಲ ಸೊಟ್ಟಗಾಯಿತು. ಬಣ್ಣಕ್ಕೆ ಅವಳ ಶಾಲೆಯ ಬಣ್ಣದ ಡಬ್ಬಿ ಬಂತು; ಅರಿಶಿನ, ಸುಣ್ಣ ಅವಳಿಗೆ ಒಪ್ಪಿಗೆಯಾಗಲಿಲ್ಲ. ಕಣ್ಣು ಕೊರೆಯುವ ಸರದಿ ಬಂದಾಗ ತಮ್ಮ ಕತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡ. ಮೆಲ್ಲನೆ ಕೊರೆದ, ಇನ್ನಷ್ಟು ಕೊರೆದ.

“ಚಿಕ್ಕಜ್ಜ, ಇಷ್ಟು ದೊಡ್ಡ ಕಣ್ಣಾದರೆ ಒಳಗಿರುವ ನಾನೇ ಕಾಣುತ್ತೇನಲ್ಲ!” ಎಂದು ಮೊಮ್ಮಗಳು ತಕರಾರು ತೆಗೆದಳು.

“ಕಾಣಲಿ ಬಿಡು” ಎಂದು ಅವನು ಅಂಚಿಗೆ ಹೇರಲು ಕಲ್ಲು ಹುಡುಕುತ್ತಾ ಅಂಗಳಕ್ಕಿಳಿದ.