ಬೇಲಾಪುರದ ನೀರು ಮತ್ತು ಅಕ್ಕನ ಮಗಳ ಜಡೆ

ಮುಂಬಯಿಗೆ ಬಂದ ಕನ್ನಡಿಗರ ತಲೆಕೂದಲು ಉದುರಲು ಶುರುವಾದರೆ ಊರಿನವರ ಹತ್ತಿರ ಕಾರಣ ಸಿದ್ಧವಾಗಿಯೇ ಇರುತ್ತದೆ: ನೀರು. ಬೆಂಗಳೂರಿಗೆ ಹೋದವರಿಗೂ ಅದೇ, ದುಬೈಗೆ ಹೋದವರಿಗೂ ಅದೇ. ಊಟ, ನಿದ್ದೆ, ವಯಸ್ಸು, ವಂಶ ಎಲ್ಲ ಆಮೇಲೆ. ಹದಿನಾಲ್ಕು ವರ್ಷದಿಂದ ಬೇಲಾಪುರದಲ್ಲಿರುವ ನನ್ನ ನೆತ್ತಿ ಈಗ ಕ್ವಾರಿಯವರು ಕಡಿದ ಪಾರ್ಸಿಕ್ ಗುಡ್ಡದ ಬದಿಯ ಹಾಗಿದೆ. ಊರಿನ ಜಾತ್ರೆಯಲ್ಲಿ ಸಿಕ್ಕವರು ಅದನ್ನೊಮ್ಮೆ ನೋಡಿ, "ಬೊಂಬಾಯಿ ನೀರು, ಅಲ್ಲವಾ?" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನನ್ನ ತಂದೆ ಜೀವಮಾನವಿಡೀ ಮನೆಯ ಬಾವಿಯ ನೀರನ್ನೇ ಮಿಂದವರು, ಕುಡಿದವರು. ನಲವತ್ತು ತುಂಬುವಾಗ ಅವರ ತಲೆ ನನ್ನದಕ್ಕಿಂತ ಚೊಕ್ಕವಾಗಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ತಲೆಯ ಬಗ್ಗೆ ಯಾರು ಏನೆಂದರೂ ನನಗೆ ಚಿಂತೆಯಿಲ್ಲ. ಆದರೆ 2024ರ ಕೊನೆಗೆ ಇದೇ ನೀರಿನ ಮಾತು ನಮ್ಮ ಮನೆಯಲ್ಲಿ ಒಂದು ಹುಡುಗಿಯ ಮೊದಲ ಕೆಲಸಕ್ಕೇ ಕುತ್ತು ತರುವ ಹಾಗಾಯಿತು.

ಅಕ್ಕನ ಮಗಳು ಆ ವರ್ಷ ಸೆಪ್ಟೆಂಬರಿನಲ್ಲಿ ಉಡುಪಿಯಿಂದ ಬಂದು ಐರೋಲಿಯ ಒಂದು ಕಂಪನಿಗೆ ಸೇರಿದಳು. ಉಳಿಯುವುದು ನಮ್ಮ ಮನೆಯಲ್ಲಿ. ಬೆಳಿಗ್ಗೆ ಠಾಣೆ ಲೋಕಲ್ ಹಿಡಿದು ಹೋದರೆ ರಾತ್ರಿ ಎಂಟಕ್ಕೆ ವಾಪಸ್. ಆರು ತಿಂಗಳ ಪ್ರೊಬೇಷನ್. ಸೊಂಟದವರೆಗಿನ ಜಡೆ ಅವಳದು. ಮನೆತನದ ಆಸ್ತಿಯೆಂಬಂತೆ ಅಕ್ಕ ಅದನ್ನು ಎಣ್ಣೆ ಹಚ್ಚಿ ಬೆಳೆಸಿದ್ದಳು. ಅಕ್ಟೋಬರ್ ನಡುವಿನಲ್ಲಿ ಕೂದಲು ಉದುರಲು ಶುರುವಾಯಿತು. ಬಾತ್‌ರೂಮಿನ ಜಾಲರಿಯಲ್ಲಿ ಉಂಡೆ, ದಿಂಬಿನ ಮೇಲೆ ಎಳೆ, ಪೊರಕೆಗೆ ಸುತ್ತಿಕೊಂಡ ಕೂದಲು ಬಿಡಿಸುವುದೇ ನನ್ನ ಹೆಂಡತಿಗೆ ಕೆಲಸ. ದೀಪಾವಳಿಗೆ ಊರಿಗೆ ಹೋದಾಗ ಅಕ್ಕ ಜಡೆಯನ್ನು ಕೈಯಲ್ಲಿ ಹಿಡಿದು ನೋಡಿದವಳು ಅತ್ತೇಬಿಟ್ಟಳಂತೆ. ರಾತ್ರಿ ನನಗೆ ಫೋನ್. "ಅಲ್ಲಿಯ ನೀರೇ ಸರಿ ಇಲ್ಲ ಮಾರಾಯ. ಒಂದು ಫಿಲ್ಟರ್ ಆದರೂ ಹಾಕಿಸಬಾರದಾ?"

ನೀರಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನವಿ ಮುಂಬಯಿ ಮಹಾನಗರಪಾಲಿಕೆಯ ನೀರು ಬರುವುದು ರಾಯಗಡ ಜಿಲ್ಲೆ ಖಾಲಾಪುರದ ಹತ್ತಿರದ ಮೋರ್ಬೆ ಅಣೆಕಟ್ಟಿನಿಂದ. ಸಹ್ಯಾದ್ರಿಯ ಮಳೆ ನೀರು. ಸೋಪು ಚೆನ್ನಾಗಿ ನೊರೆ ಬರುತ್ತದೆ, ಗೀಸರ್‌ನಲ್ಲಿ ಬಿಳಿ ಹೊಪ್ಪಳೆ ಕಟ್ಟುವುದಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ಆ ದೂರಿಗೆ ಸ್ವಲ್ಪ ಅರ್ಥವಿದೆ. ಗಡಸು ನೀರಿನ ಸುಣ್ಣದ ಅಂಶ ಕೂದಲಿನ ಮೇಲೆ ಕೂತು ಅದನ್ನು ಒರಟು ಮಾಡುತ್ತದೆ, ನಡುವಿನಲ್ಲಿ ತುಂಡಾಗಲೂಬಹುದು. ಆದರೆ ಬುಡ ಇರುವುದು ಚರ್ಮದ ಒಳಗೆ; ಮಿಂದ ನೀರಿನ ಗಡಸು ಅಲ್ಲಿಯವರೆಗೆ ಇಳಿಯುವುದಿಲ್ಲ. ಉದುರಿದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಇದ್ದರೆ ಅದು ಬುಡದಿಂದಲೇ ಕಳಚಿದ್ದು. ಇಲ್ಲದಿದ್ದರೆ ಮುರಿದದ್ದು. ಹುಡುಗಿಯ ಕೂದಲಿನಲ್ಲಿ ಎಲ್ಲದಕ್ಕೂ ಗಂಟಿತ್ತು.

ಸಾಫ್ಟ್‌ವೇರ್ ಕೆಲಸದವರಿಗೆ ಒಂದು ಅನುಭವ ಇರುತ್ತದೆ. ಇವತ್ತು ಸಿಸ್ಟಮ್ ಬಿದ್ದರೆ ಎಲ್ಲರೂ ನಿನ್ನೆ ಹಾಕಿದ ಬದಲಾವಣೆಯನ್ನು ಬೈಯುತ್ತಾರೆ. ಲಾಗ್ ತೆಗೆದು ನೋಡಿದರೆ ದೋಷ ಮೂರು ತಿಂಗಳ ಹಿಂದಿನ ರಿಲೀಸಿನಲ್ಲಿ ಕೂತಿರುತ್ತದೆ. ಕೂದಲಿನ ಕತೆಯೂ ಹೆಚ್ಚುಕಡಿಮೆ ಇದೇ. ತಲೆಯ ಮೇಲೆ ಸುಮಾರು 1 ಲಕ್ಷ ಕೂದಲು. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಆಮೇಲೆ ಎರಡು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು, ಉದುರಿ, ಅದೇ ಕುಳಿಯಿಂದ ಹೊಸದು ಹುಟ್ಟುತ್ತದೆ. ಯಾವ ಹೊತ್ತಿನಲ್ಲಿ ನೋಡಿದರೂ ಸುಮಾರು ನೂರಕ್ಕೆ ಹತ್ತು ವಿಶ್ರಾಂತಿಯಲ್ಲಿರುತ್ತವೆ. ಹಾಗಾಗಿ ದಿನಕ್ಕೆ 50ರಿಂದ 100 ಉದುರುವುದು ಆರೋಗ್ಯವಂತರಲ್ಲೂ ಸಹಜ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ, ಅಂದರೆ ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಪಟಪಟನೆ ತೂಕ ಇಳಿಸಿದ್ದು, ಬೆಳೆಯುತ್ತಿದ್ದ ಕೂದಲಿನ ದೊಡ್ಡ ಪಾಲು ಒಟ್ಟಿಗೆ ವಿಶ್ರಾಂತಿಗೆ ಜಾರುತ್ತದೆ. ಆಗ ಏನೂ ಕಾಣುವುದಿಲ್ಲ. ಕಾಣುವುದು ಎರಡು ಮೂರು ತಿಂಗಳ ನಂತರ, ಎಲ್ಲ ಒಟ್ಟಿಗೆ ಉದುರುವಾಗ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ 1961ರಲ್ಲಿ ಇದಕ್ಕೆ ಟೆಲೋಜೆನ್ ಎಫ್ಲುವಿಯಮ್ ಎಂದು ಹೆಸರಿಟ್ಟ. ಹೆಸರು ಕೇಳಿದರೇ ನಾಲ್ಕು ಕೂದಲು ಉದುರಬೇಕು, ಆದರೆ ಇದು ತಾನಾಗಿ ನಿಲ್ಲುವ ಜಾತಿ. ಕೋವಿಡ್ ಆಗಿ ಮೂರು ತಿಂಗಳಿಗೆ ಎಷ್ಟು ಮನೆಗಳಲ್ಲಿ ಇದೇ ಗೋಳು ಇತ್ತೆಂದು ನಿಮಗೆ ನೆನಪಿರಬಹುದು.

ನಮ್ಮ ಹುಡುಗಿಗೆ ಜುಲೈಯಲ್ಲಿ ಡೆಂಗಿ ಆಗಿತ್ತು. ಆ ಮಳೆಗಾಲದಲ್ಲಿ ಕರ್ನಾಟಕದಲ್ಲಿ ಅದು ಎಷ್ಟು ಹರಡಿತ್ತೆಂದರೆ ಸೆಪ್ಟೆಂಬರಿನಲ್ಲಿ ಸರಕಾರ ಅದನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಐದು ದಿನ ಆಸ್ಪತ್ರೆ, ಪ್ಲೇಟ್‌ಲೆಟ್ ಇಳಿದದ್ದು, ಆಮೇಲೆ ತಿಂಗಳು ಕಾಲ ಗಂಜಿ. ಜುಲೈಗೆ ಮೂರು ಸೇರಿಸಿದರೆ ಅಕ್ಟೋಬರ್. ಬೇಲಾಪುರದ ನಲ್ಲಿ ಮುಟ್ಟುವ ಮೊದಲೇ ಆ ಕೂದಲುಗಳ ಟಿಕೆಟ್ ಬುಕ್ ಆಗಿತ್ತು.

ಇದನ್ನು ಫೋನಿನಲ್ಲಿ ಹೇಳಿದರೆ ಅಕ್ಕ, "ಜ್ವರ ಇಲ್ಲಿ ಬಂದು ಇಲ್ಲೇ ಹೋಯಿತಲ್ಲ. ಕೂದಲು ಹೋದದ್ದು ಅಲ್ಲಿ" ಎಂದಳು. ತರ್ಕದಲ್ಲಿ ಅಕ್ಕನನ್ನು ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಆಮೇಲೆ 2025ರ ಜನವರಿ. ಸಂಕ್ರಾಂತಿಗೆ ನಾಲ್ಕೈದು ದಿನ ಇರುವಾಗ ಟಿವಿಯವರಿಗೆ ಬುಲ್ಢಾಣಾ ಸಿಕ್ಕಿತು. ಶೇಗಾಂವ್ ತಾಲ್ಲೂಕಿನ ಬೋಂಡಗಾಂವ್, ಕಾಲವಡ, ಹಿಂಗಣಾ ಎಂಬ ಹಳ್ಳಿಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು ಮೂರ್ನಾಲ್ಕು ದಿನಗಳಲ್ಲಿ ಬೋಳಾಗುತ್ತಿದ್ದಾರೆ. ಮೆಲ್ಲಗೆ ಎಳೆದರೆ ಕೂದಲು ಕೈಗೆ ಬರುತ್ತದೆ. ಮೊದಲ ದಿನಗಳಲ್ಲಿ ಸಂಶಯ ಬಿದ್ದದ್ದು ಮತ್ತೆ ನೀರಿನ ಮೇಲೆಯೇ. ಬೋರ್‌ವೆಲ್ ನೀರಿನಲ್ಲಿ ಲವಣ, ನೈಟ್ರೇಟ್ ಹೆಚ್ಚಿದೆ ಎಂಬ ಸುದ್ದಿ ಬಂತು. ಆ ಊರಿಗೂ ನಮಗೂ ಸುಮಾರು 500 ಕಿಲೋಮೀಟರ್ ದೂರ. ಅಕ್ಕನಿಗೆ ಅದೆಲ್ಲ ಮಹಾರಾಷ್ಟ್ರವೇ. "ಸಾಕು. ರಾಜೀನಾಮೆ ಕೊಟ್ಟು ಬರಲಿ. ಕೂದಲಿಲ್ಲದ ಹುಡುಗಿಯನ್ನು ನಾಳೆ ಯಾರು ಕೇಳುತ್ತಾರೆ? ಕೆಲಸ ಮಂಗಳೂರಿನಲ್ಲೂ ಸಿಗುತ್ತದೆ."

ಹುಡುಗಿ ಆ ರಾತ್ರಿ ಊಟಕ್ಕೆ ಬರಲಿಲ್ಲ. ಕೂದಲು ಹೋಗುತ್ತಿದೆ ಎನ್ನುವ ಭಯ ಒಂದು ಕಡೆ, ಅದರ ಹೆಸರಿನಲ್ಲಿ ಕೆಲಸವೂ ಹೋಗುತ್ತದೆ ಎನ್ನುವ ಭಯ ಇನ್ನೊಂದು ಕಡೆ. ಹನ್ನೊಂದು ಗಂಟೆಗೆ ಹೊರಗೆ ಬಂದು, "ಮಾಮ, ಪ್ರೊಬೇಷನ್ ಮುಗಿಯುವವರೆಗಾದರೂ ಅಮ್ಮನನ್ನು ತಡೆಯಿರಿ" ಎಂದಳು. ನಾನು ಅಕ್ಕನ ಹತ್ತಿರ ಶಿವರಾತ್ರಿಯವರೆಗೆ ಗಡುವು ಕೇಳಿದೆ. ಡೆಂಗಿಯಾಗಿ ಆಗ ಆರು ತಿಂಗಳು. ಈ ಬಗೆಯ ಉದುರು ಸಾಮಾನ್ಯವಾಗಿ ಆರು ತಿಂಗಳೊಳಗೆ ಇಳಿಯಬೇಕು. ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು ಎನ್ನುವುದು ನನ್ನ ಲೆಕ್ಕ.

ಆ ವಾರವೇ ಡಾಕ್ಟರ ಹತ್ತಿರ ಹೋದೆವು. ಅದಕ್ಕೂ ಮೊದಲು ಅವಳು ಸಹೋದ್ಯೋಗಿಯೊಬ್ಬಳ ಜೊತೆ ಒಂದು ಹೇರ್ ಕ್ಲಿನಿಕ್ಕಿಗೆ ಹೋಗಿ ಬಂದಿದ್ದಳು. ಅಲ್ಲಿ ತಪಾಸಣೆ ಉಚಿತ. ಕ್ಯಾಮೆರಾದಲ್ಲಿ ನೆತ್ತಿಯನ್ನು ದೊಡ್ಡದು ಮಾಡಿ ತೋರಿಸಿ, ಅವಳದೇ ರಕ್ತದಿಂದ ತೆಗೆದ ಅಂಶವನ್ನು ತಲೆಗೆ ಚುಚ್ಚುವ ಎಂಟು ಸಿಟ್ಟಿಂಗಿನ ಪ್ಯಾಕೇಜು, ಇಎಂಐ ಸೌಲಭ್ಯ. ಜ್ವರ ಬಂದಿತ್ತಾ ಎಂದು ಯಾರೂ ಕೇಳಿರಲಿಲ್ಲ. ವಾಶಿಯ ಚರ್ಮವೈದ್ಯೆ ಕೇಳಿದ ಮೊದಲ ಪ್ರಶ್ನೆಯೇ ಅದು: ಮೂರು ನಾಲ್ಕು ತಿಂಗಳ ಹಿಂದೆ ಏನಾಗಿತ್ತು? ಆಮೇಲೆ ಬೆರಳ ನಡುವೆ ಒಂದು ಹಿಡಿ ಕೂದಲು ಹಿಡಿದು ಮೃದುವಾಗಿ ಎಳೆದು ಎಷ್ಟು ಬಂತೆಂದು ಎಣಿಸಿದರು. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಬರೆದರು. ಫೆರಿಟಿನ್ ತೀರಾ ಕಡಿಮೆ ಬಂತು. ಫೆರಿಟಿನ್ ಎಂದರೆ ಮೈಯ ಕಬ್ಬಿಣದ ಉಗ್ರಾಣ. ರಕ್ತದಲ್ಲಿ ಕೊರತೆ ಕಾಣುವ ಮೊದಲೇ ಅದು ಬರಿದಾಗಿರಬಹುದು. ಏಳು ಗಂಟೆಯ ಲೋಕಲ್ಲಿಗೆ ಓಡುವವಳು ತಿಂಡಿ ಬಿಟ್ಟು ಚಹಾ ಕುಡಿದು ಹೋಗುತ್ತಿದ್ದದ್ದು ಆಗ ಹೊರಗೆ ಬಂತು. ಕಬ್ಬಿಣದ ಮಾತ್ರೆ, ಮಾತ್ರೆಯ ಹಿಂದೆಮುಂದೆ ಚಹಾ ಬೇಡ, ಬೇಳೆ, ಸೊಪ್ಪು, ಮೊಟ್ಟೆ ತಿನ್ನು. ಇಷ್ಟೇ ಚಿಕಿತ್ಸೆ. ಅವಳು ಅಂಗಡಿಯಿಂದ ತಂದಿದ್ದ ಬಯೋಟಿನ್ ಮಾತ್ರೆಯನ್ನು ಪರೀಕ್ಷೆಗೆ ಮೊದಲೇ ನಿಲ್ಲಿಸಲು ಹೇಳಿದರು. ಅದು ಥೈರಾಯ್ಡ್‌ನಂಥ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಿಸುತ್ತದೆ.

ಬುಲ್ಢಾಣಾದ ಕಾರಣ ಹೊರಗೆ ಬಂದದ್ದು ಶಿವರಾತ್ರಿಯ ಹೊತ್ತಿಗೆ. ಅದನ್ನು ಹುಡುಕಿದವರಲ್ಲಿ ಒಬ್ಬರು ಮಹಾಡಿನ ಡಾ. ಹಿಮ್ಮತ್‌ರಾವ್ ಬಾವಸ್ಕರ್. ನಾವು ಕಾರಿನಲ್ಲಿ ಊರಿಗೆ ಹೋಗುವಾಗ ಗೋವಾ ಹೈವೇಯಲ್ಲಿ ಸಿಗುವ ಅದೇ ಮಹಾಡ್. ಕೊಂಕಣದ ಕೆಂಪು ಚೇಳಿನ ಕಡಿತಕ್ಕೆ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆ ಬಳಸಿ ಎಷ್ಟೋ ಜೀವ ಉಳಿಸಿದವರು, 2022ರಲ್ಲಿ ಪದ್ಮಶ್ರೀ ಬಂತು. ತಮ್ಮದೇ ಹಣ ಖರ್ಚು ಮಾಡಿ ಆ ಹಳ್ಳಿಗಳಿಗೆ ಹೋಗಿ, ಪಡಿತರದ ಗೋಧಿಯನ್ನು ತಂದು ಠಾಣೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಅವರ ವರದಿಯ ಪ್ರಕಾರ ಕಿಲೋಗೆ 1.9 ಮಿಲಿಗ್ರಾಂ ಇರಬೇಕಾದ ಸೆಲೆನಿಯಮ್ ಅದರಲ್ಲಿ 14.52 ಮಿಲಿಗ್ರಾಂ ಇತ್ತು. 18 ಹಳ್ಳಿಗಳ 279 ಜನಕ್ಕೆ ತೊಂದರೆಯಾಗಿತ್ತು. ಸೆಲೆನಿಯಮ್ ನಮಗೆ ದಿನಕ್ಕೆ ಬೇಕಾದದ್ದು 55 ಮೈಕ್ರೋಗ್ರಾಂ ಮಾತ್ರ. ಹೆಚ್ಚಾದರೆ ಅದು ಕೂದಲು, ಉಗುರಿನ ಪ್ರೊಟೀನಿನಲ್ಲಿ ಗಂಧಕದ ಜಾಗಕ್ಕೆ ನುಗ್ಗುತ್ತದೆ, ಕಟ್ಟಡ ಸಡಿಲಾಗುತ್ತದೆ. ಚೀನಾದ ಎನ್‌ಶಿ ಎಂಬಲ್ಲಿ 1960ರ ದಶಕದಲ್ಲಿ ಹೀಗೇ ಆಗಿತ್ತು. ಆ ಗೋಧಿ ನಿಲ್ಲಿಸಿದ ಕೆಲವರಿಗೆ ಐದಾರು ವಾರಗಳಲ್ಲಿ ಕೂದಲು ಮತ್ತೆ ಮೂಡಿತು. ಅಷ್ಟರೊಳಗೆ ಆ ಹಳ್ಳಿಗಳ ಜನ ಕಂಡ ಅವಮಾನ ಬೇರೆ. ಅಂಟುರೋಗವೆಂದು ಹೆದರಿ ಸುತ್ತಲಿನವರು ಅವರನ್ನು ದೂರ ಇಟ್ಟರು, ಮದುವೆ ಮಾತುಕತೆಗಳು ಮುರಿದವು. ಅದನ್ನು ಓದುವಾಗ ನನಗೆ ಅಕ್ಕನ ಮಾತು ನೆನಪಾಯಿತು. ಅವಳ ಭಯ ಸುಳ್ಳಾಗಿರಲಿಲ್ಲ.

ಈ ನಡುವೆ ನಮ್ಮ ಬಿಲ್ಡಿಂಗಿನಲ್ಲಿ ಸಲಹೆಗಳ ಸಂತೆಯೇ ನಡೆಯಿತು. ಈರುಳ್ಳಿ ರಸ ಹಚ್ಚಿ, ವಾಶಿ ಎಪಿಎಂಸಿ ಪಕ್ಕದಲ್ಲೇ ಇದೆಯಲ್ಲ ಎಂದರು ಒಬ್ಬರು. ಈರುಳ್ಳಿಯ ಮೇಲೆ ಬಾಗ್ದಾದಿನಲ್ಲಿ ಒಂದು ಸಣ್ಣ ಪ್ರಯೋಗ ನಡೆದದ್ದು ನಿಜ, 2002ರಲ್ಲಿ. ಆದರೆ ಅದು ನಾಣ್ಯದಷ್ಟಗಲ ಬೋಳಾಗುವ ಅಲೋಪೇಶಿಯಾ ಏರಿಯೇಟಾದವರ ಮೇಲೆ. ಅದು ಮೈಯ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿ ಬೀಳುವ ಬೇರೆ ಕಾಯಿಲೆ. ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತದೆಯಾ? ತಿರುಪತಿಗೆ ಹರಕೆಯಿದ್ದರೆ ಕೊಡಿ, ದಟ್ಟವಾಗುವುದಿಲ್ಲ; ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ದಪ್ಪ ಅನ್ನಿಸುತ್ತದೆ, ಅಷ್ಟೆ. ಹೆಲ್ಮೆಟ್ಟಿನಿಂದ ಬೋಳಾಗುತ್ತದೆ ಎನ್ನುವವರಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ, ದಯವಿಟ್ಟು ಹಾಕಿಕೊಳ್ಳಿ. ಅಕ್ಕ ಕಳುಹಿಸುವ ಬ್ರಾಹ್ಮಿ ಎಣ್ಣೆ, ದಾಸವಾಳದ ಎಲೆಯ ಲೋಳೆ? ಕೂದಲು ನುಣುಪಾಗುತ್ತದೆ, ಸಿಕ್ಕು ಬಿಡುತ್ತದೆ, ಹಚ್ಚಿಸಿಕೊಂಡವರಿಗೆ ನಿದ್ದೆ ಬರುತ್ತದೆ. ಬುಡದ ಗಡಿಯಾರವನ್ನು ಅದು ತಿರುಗಿಸುವುದಿಲ್ಲ.

ನನ್ನ ತಲೆಯದು ಮಾತ್ರ ಬೇರೆ ಲೆಕ್ಕ. ಗಂಡಸರ ಬೋಳು ಡಿಎಚ್‌ಟಿ ಎಂಬ ಹಾರ್ಮೋನು ಮತ್ತು ವಂಶದ ಕೂಡುವ್ಯಾಪಾರ. ತಾಯಿಯ ತಂದೆಯ ತಲೆ ನೋಡು ಎನ್ನುವುದು ಅರ್ಧ ನಿಜ, ತಂದೆಯ ಕಡೆಯಿಂದಲೂ ಬರುತ್ತದೆ, ನನ್ನಲ್ಲಿ ಬಂದಿದೆ. ರಕ್ತದೊತ್ತಡದ ಮಾತ್ರೆಯಾಗಿ ಹುಟ್ಟಿದ ಮಿನಾಕ್ಸಿಡಿಲ್ ತಲೆಗೆ ಹಚ್ಚುವ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1988ರಲ್ಲಿ. ಹಚ್ಚಿದ ಮೊದಲ ವಾರಗಳಲ್ಲಿ ಇನ್ನಷ್ಟು ಉದುರಬಹುದು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಬಾಡಿಗೆ ಮನೆಯ ಹಾಗೆ, ಕಟ್ಟುತ್ತಲೇ ಇರಬೇಕು. ಕಸಿ ಮಾಡಿಸಿಕೊಳ್ಳುವವರಿಗೆ ಒಂದೇ ಮಾತು: ಕತ್ತಿ ಹಿಡಿಯುವವರು ತರಬೇತಿಯಿರುವ ನೋಂದಾಯಿತ ವೈದ್ಯರೇ ಎಂದು ಕೇಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಇದನ್ನು ಹೇಳಿದೆ. ಆಮೇಲೂ ಕಾನ್ಪುರದಲ್ಲಿ ಕಸಿಯ ನಂತರ ಇಬ್ಬರು ಎಂಜಿನಿಯರುಗಳು ಸತ್ತ ಸುದ್ದಿ 2025ರಲ್ಲಿ ಬಂತು. ನಾನಂತೂ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' ಬಂದ 2017ರಿಂದಲೇ ಟ್ರಿಮ್ಮರ್ ಹಿಡಿದು ಸುಖವಾಗಿದ್ದೇನೆ.

ಫೆಬ್ರವರಿ ಎರಡನೇ ವಾರಕ್ಕೆ ಜಾಲರಿಯ ಉಂಡೆ ಸಣ್ಣದಾಯಿತು. ಶಿವರಾತ್ರಿಯ ಬೆಳಿಗ್ಗೆ ಹುಡುಗಿ ಹಣೆಯ ಅಂಚಿನಲ್ಲಿ ಎದ್ದು ನಿಂತಿದ್ದ ಗುಂಗುರು ಎಳೆಗಳ ಫೋಟೋ ತೆಗೆದು ಊರಿಗೆ ಕಳುಹಿಸಿದಳು. ಎಣ್ಣೆ ಹಚ್ಚಿದರೂ ಬಗ್ಗದೆ ಮುಳ್ಳುಹಂದಿಯ ಹಾಗೆ ನಿಲ್ಲುವ ಕೂದಲು. ಮಾರ್ಚಿಯಲ್ಲಿ ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆಯಿತು. ಅಕ್ಕ ರಾಜೀನಾಮೆಯ ಮಾತು ಮತ್ತೆ ಎತ್ತಲಿಲ್ಲ, ಆದರೆ ಕಾರಣದ ಬಗ್ಗೆ ಅವಳ ಅಭಿಪ್ರಾಯ ಬದಲಾದ ಹಾಗೆ ನನಗೆ ಕಾಣುವುದಿಲ್ಲ. ಮೈ ಈಗ ಅಲ್ಲಿಯ ನೀರಿಗೆ ಒಗ್ಗಿದೆ ಎಂದು ಪಕ್ಕದ ಮನೆಯವರಿಗೆ ಹೇಳಿದ್ದಾಳಂತೆ.

ಮೇ ತಿಂಗಳಲ್ಲಿ ಅಕ್ಕ ಬೇಲಾಪುರಕ್ಕೆ ಬಂದಳು. ಎರಡು ಬಾಟಲಿ ಎಣ್ಣೆ, ಒಂದು ಚೀಲ ಕುಚ್ಚಲಕ್ಕಿ. ಮಗಳ ತಲೆ ಬಾಚುತ್ತಾ ಕೇಳಿದಳು, "ಮೊದಲಿನ ಜಡೆ ಯಾವಾಗ ಬರುತ್ತದೆ ಮಾರಾಯ?"

ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಸೊಂಟದವರೆಗೆ ಎಂದರೆ ಐದಾರು ವರ್ಷ ಎಂದೆ.

"ಐದಾರು ವರ್ಷವಾ! ಅಷ್ಟರೊಳಗೆ ಮದುವೆ ಮಾಡಬೇಡವಾ?"

"ಚೌರಿ ಹಾಕಿದರಾಯಿತು ಅಮ್ಮ," ಎಂದಳು ಹುಡುಗಿ. "ನಿನ್ನ ಮದುವೆಯ ಆಲ್ಬಮ್ ನಾನೂ ನೋಡಿದ್ದೇನೆ."