ಖಾಲಿ ಚೀಲದ ಸಮಾಚಾರ

ತೂಕ ಇಳಿಸೋದು ಹೇಗೆ ಅಂತ ಹೇಳೋರಿಗೆ ನಮ್ಮಲ್ಲಿ ಬರವಿಲ್ಲ. ಬಿಸಿನೀರು-ಜೇನುತುಪ್ಪದಿಂದ ಹಿಡಿದು ರಾತ್ರಿ ಊಟ ಬಿಡೋವರೆಗೆ ಎಲ್ಲರ ಹತ್ರವೂ ಒಂದೊಂದು ಉಪಾಯ ಇರುತ್ತೆ. ಆದರೆ ಇಳಿಸಿದ ಮೇಲೆ ಏನಾಗುತ್ತೆ? ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಅದಕ್ಕೇ ಸಂಕೋಚ ಬದಿಗಿಟ್ಟು ಇವತ್ತು ಬರೀತಿದ್ದೀನಿ. ಊಟದ ಹೊತ್ತಾಗಿದ್ರೆ ಊಟ ಮುಗಿಸಿ ಬಂದು ಓದಿ :)

ಮೊದಲು ನನ್ನ ಲೆಕ್ಕ ಒಪ್ಪಿಸಿಬಿಡ್ತೀನಿ. ತವರು ಅಫಜಲಪುರ, ಗಂಡನ ಮನೆ ಆಳಂದ, ಹೈಸ್ಕೂಲ್ ಟೀಚರ್ ನೌಕರಿ ಜೇವರ್ಗಿಯಲ್ಲಿ. ಆಳಂದ ಕಡೆಯಿಂದ ಬರೋ ಅಮರ್ಜಾ ಹೊಳೆ ಅಫಜಲಪುರ ತಾಲೂಕಿನ ಗಾಣಗಾಪುರದ ಹತ್ರ ಭೀಮೆಗೆ ಕೂಡಿ, ಅಲ್ಲಿಂದ ಜೇವರ್ಗಿ ಕಡೆ ಹರಿಯುತ್ತೆ. ನಾನೂ ಅದೇ ಮೂರು ತಾಲೂಕು ಸುತ್ತುತ್ತಾ ಇರ್ತೀನಿ, ಹೊಳೆಯ ಬದಲು ಬಸ್ಸಿನಲ್ಲಿ ಅಷ್ಟೇ. ವಯಸ್ಸು 41. ಮೂರು ವರ್ಷದ ಹಿಂದೆ ತೂಕ 118 ಕೆ.ಜಿ. ಜೊತೆಗೆ ಸಕ್ಕರೆ ಕಾಯಿಲೆ, ಮಂಡಿನೋವು, ಎರಡು ಮೆಟ್ಟಿಲು ಹತ್ತಿದರೆ ಉಬ್ಬಸ. ಹೈದರಾಬಾದಿಗೆ ಹೋಗಿ ಜಠರ ಸಣ್ಣದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ನಡೆದೆ, ಹಸಿವು ಕಲಿತೆ, ಅರ್ಧ ರೊಟ್ಟಿಗೆ ಕೈ ತೊಳೆಯೋದು ಕಲಿತೆ. ಈಗ 66 ಕೆ.ಜಿ. ಹತ್ತು ತಿಂಗಳಿಂದ ಒಂದು ಕೆ.ಜಿ ಆಚೆ, ಒಂದು ಕೆ.ಜಿ ಈಚೆ. ಸಕ್ಕರೆ ಮಾತ್ರೆ ನಿಂತಿದೆ.

ಊರವರಿಗೆ ಕತೆ ಇಲ್ಲಿಗೆ ಮುಗೀತು. "ಟೀಚರ್, ಗುರ್ತೇ ಸಿಗ್ಲಿಲ್ರಿ!" ಅಂತಾರೆ. ಸೀರೆ ಉಟ್ಟಾಗ ನೋಡಿದವರಿಗೆ ಹಾಗೇ ಅನಿಸಬೇಕು.

ಸೀರೆಯ ಒಳಗಿನ ಕತೆ ಬೇರೆ. ಕ್ವಿಂಟಾಲ್ ತೊಗರಿ ತುಂಬಿದ ಚೀಲ ನೋಡಿದ್ದೀರಲ್ಲ? ತೊಗರಿ ಖಾಲಿ ಮಾಡಿದ ಕೂಡಲೇ ಚೀಲ ಸಣ್ಣದಾಗುತ್ತಾ? ಚೀಲ ಚೀಲವೇ. ನನ್ನ ಹೊಟ್ಟೆಯ ಚರ್ಮ ಹಾಗೇ ಆಗಿದೆ. ಹೊಕ್ಕಳಿನ ಕೆಳಗೆ ಒಂದು ಮಡಿಕೆ ತೊಡೆಯ ಮೇಲಕ್ಕೆ ಜೋತುಬಿದ್ದಿದೆ. ತೋಳಿನ ಕೆಳಗೂ ಜೋತು, ತೊಡೆಯಲ್ಲೂ ಅಷ್ಟಿಷ್ಟು. ಚರ್ಮದಲ್ಲಿ ಕೊಲಾಜೆನ್, ಎಲಾಸ್ಟಿನ್ ಅನ್ನೋ ಎಳೆಗಳಿರುತ್ತವಂತೆ. ಹಿಗ್ಗಿದ ಚರ್ಮವನ್ನು ವಾಪಸ್ ಎಳೆದುಕೊಳ್ಳೋದು ಅವುಗಳ ಕೆಲಸ. ವರ್ಷಗಟ್ಟಲೆ ಹಿಗ್ಗಿಯೇ ಇದ್ದರೆ ಆ ಎಳೆಗಳು ಹಾಳಾಗುತ್ತವೆ. ಎಲಾಸ್ಟಿಕ್ ಹೋದ ಸಾಕ್ಸಿನ ಹಾಗೆ. "ಜಿಮ್ಮಿಗೆ ಹೋಗ್ರಿ ಟೀಚರ್, ಟೈಟ್ ಆಗ್ತದ" ಅಂತ ಸ್ಟಾಫ್ ರೂಮಿನಲ್ಲಿ ಹೇಳಿದವರಿದ್ದಾರೆ. ವ್ಯಾಯಾಮ ಒಳಗಿನ ಸ್ನಾಯುವನ್ನು ಗಟ್ಟಿ ಮಾಡುತ್ತೆ, ಹಾಳಾದ ಚರ್ಮವನ್ನಲ್ಲ. ಎಣ್ಣೆ, ಕ್ರೀಮಿನ ಮಾತೂ ಅಷ್ಟೇ.

ಬರೀ ಜೋತುಬಿದ್ದಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ತಿರಲಿಲ್ಲ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಮೇ ತಿಂಗಳಲ್ಲಿ 42 ಡಿಗ್ರಿ ಅಂದ್ರೆ "ಇವತ್ತು ಪರವಾಗಿಲ್ಲ" ಅನ್ನೋ ಊರುಗಳು ನಮ್ಮವು. ಚರ್ಮಕ್ಕೆ ಚರ್ಮ ಅಂಟಿಕೊಂಡ ಜಾಗದಲ್ಲಿ ಗಾಳಿ ಆಡೋದಿಲ್ಲ, ಬೆವರು ಆರೋದಿಲ್ಲ. ತಿಕ್ಕಿ ತಿಕ್ಕಿ ಕೆಂಪಾಗಿ ಮೇಲ್ಪದರ ಕಿತ್ತುಬರುತ್ತೆ, ಅದರ ಮೇಲೆ ಫಂಗಸ್ ಕೂರುತ್ತೆ. ಡಾಕ್ಟರುಗಳು ಇದಕ್ಕೆ ಇಂಟರ್‌ಟ್ರೈಗೊ ಅಂತಾರೆ. ನಾನು ಬೆಂಕಿ ಅಂತೀನಿ. ಹಳೇ ಧೋತರದ ಅರಿವೆಯನ್ನು ಪಟ್ಟಿಪಟ್ಟಿ ಹರಿದು, ಮಡಿಕೆಯ ಕೆಳಗೆ ಇಟ್ಟುಕೊಂಡು ಶಾಲೆಗೆ ಹೋಗ್ತೀನಿ. ಸಣ್ಣ ಬೆಲ್ಲಿಗೊಂದು, ಊಟದ ಬೆಲ್ಲಿಗೊಂದು ಬದಲಾಯಿಸಬೇಕು. ವ್ಯಾನಿಟಿ ಬ್ಯಾಗಿನಲ್ಲಿ ಪೌಡರ್, ಮುಲಾಮು, ಅರಿವೆ ಪಟ್ಟಿ, ಒದ್ದೆ ಪಟ್ಟಿಗೊಂದು ಪ್ಲಾಸ್ಟಿಕ್ ಚೀಲ. ಬೋರ್ಡಿನ ಕಡೆ ತಿರುಗಿ ಬರೀತಿರುವಾಗ ಮುಂದಿನ ಬೆಂಚಿನ ಮಗು ಮೂಗು ಉಜ್ಜಿದರೆ ಎದೆ ಧಸಕ್ ಅನ್ನುತ್ತೆ... ನನ್ನ ವಾಸನೆಯಾ? 118 ಕೆ.ಜಿ ಇದ್ದಾಗ ಮಕ್ಕಳು ಹಿಂದೆ ನಕ್ಕಿದ್ದು ಕೇಳಿಸಿದೆ. ಆಗ ಇಷ್ಟು ಹೆದರಿಕೆ ಆಗಿರಲಿಲ್ಲ.

ಕಲಬುರಗಿಯ ಚರ್ಮದ ಡಾಕ್ಟರ ಹತ್ರ ಒಂದೇ ವರ್ಷದಲ್ಲಿ ಐದು ಸಲ ಹೋದೆ. ಮುಲಾಮು ಹಚ್ಚಿದರೆ ಹತ್ತು ದಿನದಲ್ಲಿ ವಾಸಿ. ಹದಿನೈದನೇ ದಿನ ಮತ್ತೆ ಶುರು. ಐದನೇ ಸಲ ಅವರೇ ಹೇಳಿದರು: "ಮಡಿಕೆ ಇರೋ ತನಕ ಇದು ಬರ್ತಾನೇ ಇರ್ತದ. ಒಮ್ಮೆ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸ್ರಿ."

ಪ್ಲಾಸ್ಟಿಕ್ ಸರ್ಜನ್ ಅನ್ನೋ ಶಬ್ದ ಮನೆ ಹೊಕ್ಕಿದ್ದೇ ತಡ, ಮಹಾಭಾರತ ಶುರು.

ಅವ್ವ ಅಫಜಲಪುರದಿಂದ ಫೋನ್ ಮಾಡಿದಳು. "ಯವ್ವಾ, ಜೀವ ಗಟ್ಟಿ ಅದ, ಸಕ್ರಿ ಹೋಗ್ಯದ. ಇನ್ನೊಮ್ಮಿ ಮೈ ಕೊಯ್ಸ್ಕೊಳ್ಳಾದು ಯಾಕ? ಆ ಸೀರಿಯಲ್ ಹುಡುಗಿದು ಏನಾತು ನೋಡಿಲ್ಲೇನ?" ಅವಳು ಹೇಳಿದ್ದು ಕಿರುತೆರೆ ನಟಿ ಚೇತನಾ ರಾಜ್ ಬಗ್ಗೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ತೀರಿಕೊಂಡ ಹುಡುಗಿ. ಬರೀ 21 ವರ್ಷ. ಟಿವಿಯಲ್ಲಿ ಎರಡು ದಿನ ನೋಡಿದ ಆ ಸುದ್ದಿ ಅವ್ವನ ಎದೆಯೊಳಗೆ ಕೂತುಬಿಟ್ಟಿದೆ. ಅವಳ ಹೆದರಿಕೆಯನ್ನು ನಕ್ಕು ತಳ್ಳಿಹಾಕೋಕೆ ನನಗೆ ಆಗಲಿಲ್ಲ.

ಅತ್ತೆಯದು ಬೇರೆ ರಾಗ. "ಮೂರು ಹಡದವರ ಹೊಟ್ಟಿನೂ ಜೋತು ಬಿದ್ದಿರ್ತದ. ಸೆರಗಿನಾಗಿಂದು ಯಾರ್ ನೋಡ್ತಾರ?" ನಾದಿನಿ ಮಾತ್ರ ಮೆಲ್ಲಗೆ ಕೇಳಿದಳು, "ವೈನಿ, ಭಾಳ ಉರಿತದೇನು?" ಅಷ್ಟು ಜನರಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ.

ಮನೆಯವರು ಲೆಕ್ಕದ ಮನುಷ್ಯ. ಒಂದು ರಾತ್ರಿ ನೇರವಾಗಿ ಕೇಳಿದರು. "ಖರೇ ಹೇಳು, ಇದು ಕಾಯಿಲಿಗೋ, ಚಂದ ಕಾಣ್ಲಿಕ್ಕೋ?"

ಈ ಪ್ರಶ್ನೆ ನನ್ನನ್ನು ಎರಡು ವಾರ ಕಾಡಿತು. ಕಾಯಿಲೆಗೆ ಅಂದರೆ ಎಲ್ಲರೂ ಒಪ್ತಾರೆ, ಚಂದಕ್ಕೆ ಅಂದರೆ ಶೋಕಿ ಆಗುತ್ತೆ. ವಿಮೆಯವರ ಪ್ರಶ್ನೆಯೂ ಅದೇ ನೋಡಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಆರೋಗ್ಯ ವಿಮೆಗೂ ಒಂದೇ ಭಾಷೆಯ ಷರತ್ತು ಬರೆದುಕೊಟ್ಟಿದೆ. ರೂಪ ಬದಲಿಸುವ ಪ್ಲಾಸ್ಟಿಕ್ ಸರ್ಜರಿಗೆ ದುಡ್ಡಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲಿನ ಮರುಜೋಡಣೆಗೆ ಉಂಟು. ಇಲ್ಲವೇ ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ಇದೆ ಅಂತ ಡಾಕ್ಟರು ಬರೆದುಕೊಡಬೇಕು. ನಾನು ಚರ್ಮದ ಡಾಕ್ಟರ ಐದೂ ಚೀಟಿ, ಫೋಟೋ ಸಮೇತ ಕಳಿಸಿದೆ. ನಮ್ಮ ಕಂಪನಿಯವರು ಎರಡು ಸಾಲಿನಲ್ಲಿ ಇಲ್ಲ ಅಂದರು. ಮತ್ತೆ ಅರ್ಜಿ ಹಾಕಿದ್ದೀನಿ, ಆದರೆ ಅದನ್ನು ನಂಬಿಕೊಂಡು ಕೂತಿಲ್ಲ.

ಕೊನೆಗೆ ಮೇಷ್ಟ್ರ ಬುದ್ಧಿ ಉಪಯೋಗಿಸಿದೆ. ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ಹೊಟ್ಟೆಯ ಚರ್ಮದಿಂದ ಒಂದು ಕೆಲಸ ನಿಂತರೆ ಕೆಂಪು ಸುತ್ತು, ತೋಳಿನ ಚರ್ಮದಿಂದ ನಿಂತರೆ ನೀಲಿ ಸುತ್ತು. ಕೆಲಸ ಅಂದರೆ ನಡೆಯೋದು, ಕೂರೋದು, ಪಾಠ, ನಿದ್ದೆ, ಯಾವುದಾದರೂ ಸರಿ. ಡಿಸೆಂಬರಿನಲ್ಲಿ 6 ಕೆಂಪು. ಏಪ್ರಿಲ್‌ನಲ್ಲಿ 30ಕ್ಕೆ 23. ನೀಲಿ? ಆರು ತಿಂಗಳಲ್ಲಿ ಒಂದೂ ಇಲ್ಲ!

ತೋಳಿನದು ಬರೀ ಕಾಣೋ ಸಮಸ್ಯೆ, ಅದಕ್ಕೆ ಉದ್ದ ತೋಳಿನ ಕುಪ್ಪಸ ಸಾಕು. ಹೊಟ್ಟೆಯದು ಬದುಕೋ ಸಮಸ್ಯೆ. ತೋಳು ಬಿಟ್ಟೆ, ಹೊಟ್ಟೆ ಹಿಡಿದೆ. ಮನೆಯವರಿಗೆ ಕ್ಯಾಲೆಂಡರ್ ತೋರಿಸಿ ಹೇಳಿದೆ, "ಕಾಯಿಲಿಗೂ ಹೌದು, ಚಂದಕ್ಕೂ ಹೌದ್ರಿ. ಚಂದದ ಆಸೆ ಇಲ್ಲ ಅಂದ್ರ ಸುಳ್ಳಾಗ್ತದ. ಆದ್ರ ರೊಕ್ಕ ಕೇಳ್ಲಕತ್ತಿದ್ದು ಈ ಕೆಂಪು ಸುತ್ತಿಗೆ." ಅವರು ಸುತ್ತುಗಳನ್ನು ಎಣಿಸಿದರು, ಎರಡು ಸಲ. ಆಮೇಲೆ "ಯಾವಾಗ ಹೋಗೂನು?" ಅಂದರು.

ಸರ್ಜನ್ ಹತ್ರ ಕೂತಾಗ ಗೊತ್ತಾಗಿದ್ದನ್ನು ಇಲ್ಲಿ ಹೇಳಿಬಿಡ್ತೀನಿ, ಯಾರಿಗಾದರೂ ಬೇಕಾಗಬಹುದು. ನಾವೆಲ್ಲ ಒಂದೇ ಅಂದುಕೊಂಡಿರೋದು ಮೂರು ಬೇರೆ ಬೇರೆ ಆಪರೇಷನ್. ಲೈಪೋಸಕ್ಷನ್ ಅಂದರೆ ಕೊಳವೆಯಿಂದ ಕೊಬ್ಬು ಹೀರೋದು. ಅದು ಚರ್ಮ ತೆಗೆಯೋದಿಲ್ಲ, ನನ್ನಂಥವರಿಗೆ ಜೋತು ಇನ್ನೂ ಹೆಚ್ಚಾಗಬಹುದು. ಟಮ್ಮಿ ಟಕ್‌ನಲ್ಲಿ ಚರ್ಮ ತೆಗೆದು, ಸಡಿಲಾದ ಹೊಟ್ಟೆಯ ಸ್ನಾಯು ಬಿಗಿದು ಹೊಲಿದು, ಹೊಕ್ಕಳನ್ನು ಹೊಸ ಜಾಗಕ್ಕೆ ಕೂರಿಸ್ತಾರೆ. ಮೂರನೆಯದು ಪ್ಯಾನಿಕ್ಯುಲೆಕ್ಟಮಿ, ಜೋತುಬಿದ್ದ ಮಡಿಕೆಯನ್ನಷ್ಟೇ ಕತ್ತರಿಸಿ ಹೊಲಿಯೋದು. ಹೊಟ್ಟೆ ಸಿನಿಮಾದವರ ಹಾಗೆ ಚಪ್ಪಟೆ ಆಗಲ್ಲ, ಆದರೆ ಮಡಿಕೆ ಹೋಗುತ್ತೆ. ನಾನು ಒಪ್ಪಿದ್ದು ಇದಕ್ಕೆ.

ಇದೇನು ಹೊಸ ಶೋಕಿಯೂ ಅಲ್ಲ. ಅಮೆರಿಕದ ಬಾಲ್ಟಿಮೋರಿನ ಹೋವರ್ಡ್ ಕೆಲ್ಲಿ ಅನ್ನೋ ವೈದ್ಯರು ಜೋತುಬಿದ್ದ ಹೊಟ್ಟೆ ತೆಗೆದ ವರದಿ ಬರೆದದ್ದು 1899ರಲ್ಲಿ. ಇಂಗ್ಲೆಂಡಿನ ಪಾಲ್ ಮೇಸನ್ ಅಂತ ಒಬ್ಬರು, ಒಂದು ಕಾಲಕ್ಕೆ ಜಗತ್ತಿನ ಅತಿ ಭಾರದ ಮನುಷ್ಯ ಅನಿಸಿಕೊಂಡವರು. 2010ರಲ್ಲಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಸುಮಾರು 300 ಕೆ.ಜಿ ಇಳಿಸಿದರು. ಮೈತುಂಬ ಜೋತ ಚರ್ಮವನ್ನು ತೆಗೆಸಿಕೊಳ್ಳೋಕೆ 2015ರಲ್ಲಿ ನ್ಯೂಯಾರ್ಕಿಗೇ ಹೋಗಬೇಕಾಯಿತು. ಅಷ್ಟು ತೂಕ ಕಳೆದವರಿಗೂ ಕೊನೆಯ ಗಂಟು ಚರ್ಮದ್ದೇ.

ಸರ್ಜನ್ ಮೊದಲ ಭೇಟಿಯಲ್ಲೇ ತಾರೀಖು ಕೊಡಲಿಲ್ಲ, ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ತೂಕ ಕಡಿಮೆ ಅಂದರೂ ಆರು ತಿಂಗಳು ಒಂದೇ ಕಡೆ ನಿಂತಿರಬೇಕು ಅಂದರು. ಮತ್ತೆ ಏರಿದರೆ ಚರ್ಮ ಹಿಗ್ಗುತ್ತೆ, ಇನ್ನೂ ಇಳಿದರೆ ಮತ್ತೆ ಜೋಲುತ್ತೆ. ಹಿಮೋಗ್ಲೋಬಿನ್ ನೋಡಿದರೆ 9.6. ಸ್ಲೀವ್ ಆದವರಿಗೆ ಕಬ್ಬಿಣ, ಬಿ12 ಕಡಿಮೆಯಾಗೋದು ಸಾಮಾನ್ಯ. ಪ್ರೋಟೀನ್ ಕಡಿಮೆ ಇದ್ದರೆ ಹೊಲಿಗೆ ಕೂಡೋದಿಲ್ಲ, ದಿನಕ್ಕೆ 60 ಗ್ರಾಂ ಆದರೂ ಬೇಕು ಅಂದರು. 100 ಗ್ರಾಂ ಒಣ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ತೊಗರಿ ಕಣಜದಲ್ಲಿ ಹುಟ್ಟಿಯೂ ನಾನು ಬೇಳೆಯನ್ನು ತಟ್ಟೆಯಲ್ಲಿ ಲೆಕ್ಕ ಹಾಕಿ ಬಡಿಸಿಕೊಂಡಿದ್ದು ಈಗಲೇ! ಬೇಳೆ, ಮೊಟ್ಟೆ, ಮೊಸರು, ಕಬ್ಬಿಣದ ಇಂಜೆಕ್ಷನ್. ನಾಲ್ಕು ತಿಂಗಳಲ್ಲಿ 12.1ಕ್ಕೆ ಬಂತು.

ಅವ್ವನ ಹೆದರಿಕೆಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಐಸಿಯು ಇದೆಯಾ? ಅರಿವಳಿಕೆ ಡಾಕ್ಟರು ಯಾರು? ರಕ್ತ ಬೇಕಾದರೆ ಎಲ್ಲಿಂದ? ಅವರು ಒಂದೊಂದಕ್ಕೂ ಉತ್ತರ ಕೊಟ್ಟು, ನಾನು ಕೇಳದೆ ಬಿಟ್ಟ ಅಪಾಯಗಳನ್ನೂ ಹೇಳಿದರು. ಹೊಲಿಗೆಯ ಕೆಳಗೆ ನೀರು ತುಂಬಿಕೊಳ್ಳೋದು, ಕೀವು, ಹೊಲಿಗೆ ಬಿಡೋದು, ಅಂಚಿನ ಚರ್ಮ ಸಾಯೋದು. ಎಲ್ಲಕ್ಕಿಂತ ದೊಡ್ಡದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗೋದು. ಅದಕ್ಕೇ ಆಪರೇಷನ್ ಆದ ಮೇಲೆ ಬೇಗನೆ ಎಬ್ಬಿಸಿ ನಡೆಸ್ತಾರೆ. ಸೊಂಟದಿಂದ ಸೊಂಟಕ್ಕೆ ಒಂದು ಗೆರೆ ಉಳಿಯುತ್ತೆ, ಮಾಸುತ್ತೆ ಹೊರತು ಹೋಗೋದಿಲ್ಲ. ಆರು ವಾರ ಬಿಗಿ ಬೆಲ್ಟು, ಕೊಡ ಎತ್ತಂಗಿಲ್ಲ. ನನಗೆ ಹೇಳಿದ ಖರ್ಚು ಎರಡೂವರೆ ಲಕ್ಷ. ಮಗಳ ಹೆಸರಿನ ಎಫ್‌ಡಿ ಮುಟ್ಟಿಲ್ಲ. ನನ್ನದೇ ಚೀಟಿ ದುಡ್ಡು, ಉಳಿದದ್ದು ಸೊಸೈಟಿ ಸಾಲ.

ಗೆರೆಯ ಮಾತು ಕೇಳಿದಾಗ ಒಂದು ಕ್ಷಣ ಹಿಂಜರಿದೆ. ಆಮೇಲೆ ಅನಿಸಿತು, ಗೆರೆ ಬೆವರೋದಿಲ್ಲ, ಉರಿಯೋದಿಲ್ಲ.

ನವೆಂಬರ್ ಎರಡನೇ ವಾರ ತಾರೀಖು ಸಿಕ್ಕಿದೆ. ಬೆಲ್ಟು ಕಟ್ಟಿಕೊಳ್ಳೋಕೆ ಚಳಿಗಾಲವೇ ಒಳ್ಳೇದು. ಅವ್ವ ಬರ್ತೀನಿ ಅಂದಿದ್ದಾಳೆ. ಒಪ್ಪಿ ಅಲ್ಲ, ಬೈತಾನೇ. ಅತ್ತೆ "ರೊಟ್ಟಿ ಯಾರು ಬಡೀತಾರ?" ಅಂದಾಗ ಮನೆಯವರು ರೊಟ್ಟಿ ಕೇಂದ್ರದಿಂದ ತರ್ತೀನಿ ಅಂದರು. ಮನೆಯಲ್ಲಿ ದೊಡ್ಡ ಕ್ರಾಂತಿಯೇ ಅನ್ನಿ!

ಎಲ್ಲರೂ ಮಾಡಿಸಿಕೊಳ್ಳಿ ಅಂತ ನಾನು ಹೇಳೋದಿಲ್ಲ. ಜೋತ ಚರ್ಮದ ಜೊತೆ ಆರಾಮಾಗಿ ಇರೋರೂ ಇದ್ದಾರೆ, ಡಿಸೆಂಬರಿನಲ್ಲಿ ನಾನೂ ಹಾಗೇ ಇರ್ತೀನಿ. ನನ್ನ ಮಾತು ಇಷ್ಟೇ. ಕಾಯಿಲೆಗೋ ಚಂದಕ್ಕೋ ಅಂತ ಯಾರಾದರೂ ಕೇಳಿದರೆ ಆ ಎರಡರಲ್ಲೇ ಸಿಕ್ಕಿಹಾಕಿಕೊಳ್ಳಬೇಡಿ. ನಿಮ್ಮ ಮೈ ನಿಮ್ಮ ಯಾವ ಯಾವ ದಿನ ಕಸಿದುಕೊಳ್ತಿದೆ ಅಂತ ಎಣಿಸಿ ನೋಡಿ. ಹೊಸ ವರ್ಷದ ಕ್ಯಾಲೆಂಡರಿಗೂ ಕೆಂಪು ಪೆನ್ನು ಎತ್ತಿಟ್ಟಿದ್ದೀನಿ. ಏಪ್ರಿಲ್ ಬರಲಿ, ಎಷ್ಟು ಸುತ್ತು ಬಿತ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳ್ತೀನಿ.